ಬೀದಿದೀಪದ ಕಂಬಕ್ಕೆ ಏನೆಲ್ಲ ಹೊರಿಸಬಹುದು: ಸ್ಮಾರ್ಟ್ ದೀಪ ವ್ಯವಸ್ಥೆಗಳ ಹೋಲಿಕೆ

ಬೀದಿದೀಪದ ಕಂಬ ಊರಿನ ಎಲ್ಲ ಕಡೆ ಇದೆ. ಸುಮಾರು 25–40 ಮೀಟರಿಗೊಂದರಂತೆ ನಿಂತಿದೆ, ಅದಕ್ಕೆ ಎತ್ತರವಿದೆ, ಒಳಗೆ ಕರೆಂಟಿನ ತಂತಿಯಿದೆ. ಕ್ಯಾಮೆರಾ, ಗಾಳಿ ಅಳೆಯುವ ಸೆನ್ಸರ್, ವೈಫೈ, 5ಜಿ ಸ್ಮಾಲ್ ಸೆಲ್ (ಪುಟ್ಟ ಮೊಬೈಲ್ ಟವರ್), ವಾಹನ ಚಾರ್ಜರ್ ಎಲ್ಲವನ್ನೂ ಅದಕ್ಕೇ ಕಟ್ಟಿಬಿಡೋಣ ಎಂದು ಅನ್ನಿಸುವುದು ಸಹಜ. ಮಾರುವವರ ಚಿತ್ರಪುಟಗಳಲ್ಲಿ ಒಂದೇ ಕಂಬಕ್ಕೆ ಇವೆಲ್ಲ ಅಂದವಾಗಿ ಜೋಡಿಸಿಕೊಂಡಿರುತ್ತವೆ. ಟೆಂಡರ್ ಬರೆಯಲು ಕೂತವರು ಆ ಚಿತ್ರವನ್ನು ಬದಿಗಿಟ್ಟು ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು. ಕಂಬಕ್ಕೆ ಹಗಲಲ್ಲಿ ಕರೆಂಟ್ ಇದೆಯೇ? ಕೇಬಲ್ ಎಷ್ಟು ಹೊರೆ ತಡೆಯುತ್ತದೆ? ಕಂಬ ಎಷ್ಟು ಗಾಳಿ ತಡೆಯುತ್ತದೆ? ಡೇಟಾ ಯಾವ ದಾರಿಯಲ್ಲಿ ಹೋಗುತ್ತದೆ? ಉಪಕರಣಗಳನ್ನು ಐದು ವರ್ಷಕ್ಕೊಮ್ಮೆ ಬದಲಿಸಬಹುದು. ನೆಲದೊಳಗಿನ ಕೇಬಲ್ ಮತ್ತು ಕಂಬದ ಬುನಾದಿ ಒಮ್ಮೆ ತಪ್ಪಿದರೆ ರಸ್ತೆ ಅಗೆಯದೆ ಸರಿಯಾಗುವುದಿಲ್ಲ.

ಹಗಲಿನ ಕರೆಂಟ್

ಹಳೆಯ ಪದ್ಧತಿಯಲ್ಲಿ ಫೀಡರ್ ಪಿಲ್ಲರಿನ (ಸಾಲಿಗೆ ಕರೆಂಟ್ ಹಂಚುವ ರಸ್ತೆಬದಿಯ ಪೆಟ್ಟಿಗೆಯ) ಕಾಂಟ್ಯಾಕ್ಟರ್, ಅಂದರೆ ದೊಡ್ಡ ಸ್ವಿಚ್, ಸಂಜೆ ಮುಚ್ಚಿಕೊಂಡು ಕರೆಂಟ್ ಕೊಡುತ್ತದೆ, ಬೆಳಿಗ್ಗೆ ತೆರೆದುಕೊಂಡು ಕಡಿಯುತ್ತದೆ. ಅಂದರೆ ಹಗಲಿಡೀ ಕಂಬದೊಳಗಿನ ತಂತಿಯಲ್ಲಿ ಕರೆಂಟೇ ಇಲ್ಲ. ಅಂಥ ಕಂಬಕ್ಕೆ ಕ್ಯಾಮೆರಾ ಹಾಕಿದರೆ ಅದು ರಾತ್ರಿಪಾಳಿ ಮಾತ್ರ ಮಾಡುತ್ತದೆ. ಬ್ಯಾಟರಿ ಸೇರಿಸಿ ಇದನ್ನು ದಾಟಲು ಹೋದವರಿಗೆ ಕಂಬದ ಬುಡದ ಬಿಸಿಯಲ್ಲಿ ಬೇಗ ಸೊರಗುವ ಬ್ಯಾಟರಿಗಳನ್ನು ಮತ್ತೆ ಮತ್ತೆ ಬದಲಿಸುವ ಕೆಲಸ ಗಂಟುಬೀಳುತ್ತದೆ.

ಹಾಗಾಗಿ ಬಹುಬಳಕೆಯ ಕಂಬ ಬೇಕಿದ್ದರೆ ಎರಡೇ ದಾರಿ. ಒಂದು, ಸರ್ಕ್ಯೂಟನ್ನು 24 ಗಂಟೆಯೂ ಚಾಲೂ ಇಟ್ಟು ಪ್ರತಿ ದೀಪವನ್ನು ಅದರದೇ ನಿಯಂತ್ರಕದಿಂದ ಹಚ್ಚಿ ಆರಿಸುವುದು. ಇನ್ನೊಂದು, ದೀಪದ ಸಾಲಿನ ಜೊತೆಗೆ ಉಪಕರಣಗಳಿಗೆಂದೇ ಬೇರೆ ಕೇಬಲ್ ಎಳೆಯುವುದು. ಹಳೆಯ ರಸ್ತೆಯಲ್ಲಿ ಮೊದಲನೆಯದು ಅಗ್ಗ. ಹೊಸ ರಸ್ತೆಯಲ್ಲಿ, ಹೇಗೂ ಕಾಲುವೆ ಅಗೆದಿರುವಾಗ, ಎರಡನೆಯದೇ ಒಳ್ಳೆಯದು. ಜೊತೆಗೆ ಎರಡು ಖಾಲಿ ಪೈಪುಗಳನ್ನೂ ಹೂತುಬಿಡಬೇಕು, ಒಂದು ಫೈಬರಿಗೆ, ಒಂದು ಮುಂದೆ ಬರುವುದಕ್ಕೆ.

ಸದಾ ಚಾಲೂ ಇಡುವುದಕ್ಕೂ ಖರ್ಚಿದೆ. ಡ್ರೈವರ್ (ಎಲ್‌ಇಡಿಗೆ ತಕ್ಕ ಕರೆಂಟ್ ಒದಗಿಸುವ ಭಾಗ) ಮತ್ತು ನಿಯಂತ್ರಕ ಸೇರಿ ಸುಮ್ಮನಿದ್ದಾಗ ಸುಮಾರು 1.5 ವ್ಯಾಟ್ ಎಳೆಯುತ್ತವೆ ಎಂದುಕೊಳ್ಳಿ. 10,000 ದೀಪಗಳಿಗೆ 12 ಗಂಟೆಯ ಹಗಲಲ್ಲಿ 180 ಯೂನಿಟ್. ದೊಡ್ಡದೇನಲ್ಲ, ಆದರೆ ಉಳಿತಾಯದ ಲೆಕ್ಕದಲ್ಲಿ ಇದನ್ನು ಮರೆತ ಪ್ರಸ್ತಾವನೆಗಳೇ ಹೆಚ್ಚು. ಇನ್ನೂ ಮುಖ್ಯವಾದದ್ದು ಸುರಕ್ಷತೆ. ಹಗಲಲ್ಲಿ ಲೈನ್ ಸತ್ತಿರುತ್ತದೆ ಎಂಬ ರೂಢಿಯಲ್ಲಿ ಕೆಲಸ ಮಾಡಿದ ಲೈನ್‌ಮನ್‌ಗಳಿಗೆ ಈಗ ಅದು ಸದಾ ಜೀವಂತ ಎಂದು ತಿಳಿಸಿಕೊಡಬೇಕು. ಪ್ರತಿ ಕಂಬದ ಬುಡದಲ್ಲಿ ಪ್ರತ್ಯೇಕ ಎಂಸಿಬಿ ಅಥವಾ ಫ್ಯೂಸ್ ಇರಬೇಕು, ಬಾಗಿಲಿನ ಒಳಗೆ ಎಚ್ಚರಿಕೆಯ ಪಟ್ಟಿ ಇರಬೇಕು.

ಮೂರು ಮಟ್ಟದ ನಿಯಂತ್ರಣ

ಮೊದಲ ಮಟ್ಟ ಪಿಲ್ಲರಿನದು. ಪ್ಯಾನಲ್ಲಿನಲ್ಲಿ ಒಂದು ಮೋಡೆಮ್, ಒಂದು ಮೀಟರ್, ಅಕ್ಷಾಂಶ-ರೇಖಾಂಶದಿಂದ ಸೂರ್ಯಾಸ್ತ ಲೆಕ್ಕ ಹಾಕುವ ಟೈಮರ್. ಇಡೀ ಸಾಲು ಒಟ್ಟಿಗೆ ಹತ್ತುತ್ತದೆ, ಒಟ್ಟಿಗೆ ಆರುತ್ತದೆ. ಒಟ್ಟು ಹೊರೆ ಕುಸಿದದ್ದನ್ನು ನೋಡಿ ‘ಈ ಸಾಲಿನಲ್ಲಿ ಮೂರ್ನಾಲ್ಕು ದೀಪ ಕೆಟ್ಟಿವೆ’ ಎಂದು ಹೇಳಬಲ್ಲದು, ಯಾವುವು ಎಂದು ಹೇಳಲಾರದು. ಬಡಾವಣೆಯ ಒಳರಸ್ತೆಗಳಿಗೆ ಇದು ಸಾಕು, ಅಗ್ಗವೂ ಹೌದು. ಕಂಬಕ್ಕೆ ಬೇರೇನನ್ನೂ ಕಟ್ಟುವ ಯೋಚನೆ ಇಲ್ಲದಲ್ಲಿ ಇದಕ್ಕಿಂತ ಮೇಲೆ ಹೋಗಬೇಕಿಲ್ಲ.

ಮಂದಗೊಳಿಸಲು ನೆಟ್‌ವರ್ಕೇ ಬೇಕು ಎಂಬುದೂ ನಿಜವಲ್ಲ. ಹಿಂದಿನ ರಾತ್ರಿಗಳಲ್ಲಿ ದೀಪ ಎಷ್ಟು ಹೊತ್ತು ಉರಿಯಿತು ಎಂಬುದನ್ನು ನೋಡಿ ನಡುರಾತ್ರಿಯನ್ನು ತಾನೇ ಅಂದಾಜಿಸಿ, ಅದರ ಹಿಂದೆಮುಂದೆ ಬೆಳಕು ತಗ್ಗಿಸುವ ಡ್ರೈವರ್‌ಗಳಿವೆ. ಒಮ್ಮೆ ಕಾರ್ಖಾನೆಯಲ್ಲಿ ಹೊಂದಿಸಿದರೆ ಆಯಿತು. ಪದೇ ಪದೇ ಕರೆಂಟ್ ಹೋಗಿ ಬರುವ ಜಾಗದಲ್ಲಿ ಮಾತ್ರ ಇವುಗಳ ಲೆಕ್ಕ ತಪ್ಪುತ್ತದೆ.

ಎರಡನೆಯ ಮಟ್ಟದಲ್ಲಿ ಪ್ರತಿ ದೀಪದ ತಲೆಯ ಮೇಲೊಂದು ನಿಯಂತ್ರಕ ಕೂರುತ್ತದೆ. ಎಲ್ಲರೂ ‘ನೋಡ್’ ಎನ್ನುವುದು ಇದನ್ನೇ. ಮೂರನೆಯದು ಪೂರ್ತಿ ಸ್ಮಾರ್ಟ್ ಕಂಬ. ಒಳಗೆ ಪ್ರತ್ಯೇಕ ಕೋಣೆಗಳು, ಫೈಬರ್, ಪಿಒಇ ಸ್ವಿಚ್ (ಡೇಟಾ ಕೇಬಲ್ಲಿನಲ್ಲೇ ಕರೆಂಟನ್ನೂ ಕೊಡುವಂಥದ್ದು), ಮೀಟರ್.

ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆಗೆ ಒಂದು ಲೆಕ್ಕ ಮಾಡಿ ನೋಡೋಣ. 250 ವ್ಯಾಟಿನ ಸೋಡಿಯಂ ದೀಪ ಚೋಕ್ ಸೇರಿ ಸುಮಾರು 280 ವ್ಯಾಟ್ ಎಳೆಯುತ್ತದೆ. ಅದರ ಜಾಗಕ್ಕೆ 100 ವ್ಯಾಟಿನ ಎಲ್‌ಇಡಿ ಬಂದರೆ 12 ಗಂಟೆಯ ರಾತ್ರಿಗೆ 2.16 ಯೂನಿಟ್ ಉಳಿಯುತ್ತದೆ. ಅದೇ ಎಲ್‌ಇಡಿಯನ್ನು ನಡುವಿನ 6 ಗಂಟೆ ಅರ್ಧಕ್ಕೆ ಇಳಿಸಿದರೆ ಇನ್ನೊಂದು 0.3 ಯೂನಿಟ್. ಅಂದರೆ ಲಾಭದ ದೊಡ್ಡ ಪಾಲು ಎಲ್‌ಇಡಿಯದು, ನೋಡ್‌ನದಲ್ಲ. ಇವೆರಡನ್ನೂ ಕೂಡಿಸಿ ‘ಸ್ಮಾರ್ಟ್ ವ್ಯವಸ್ಥೆಯಿಂದ ಇಷ್ಟು ಉಳಿತಾಯ’ ಎಂದು ತೋರಿಸುವ ಪ್ರಸ್ತಾವನೆ ಬಂದರೆ ಬಿಡಿಸಿ ಕೊಡಿ ಎಂದು ವಾಪಸ್ ಕಳಿಸಬೇಕು. ನೋಡ್‌ನ ನಿಜವಾದ ಗಳಿಕೆ ಬೇರೆ ಕಡೆ ಇದೆ: ಕೆಟ್ಟ ದೀಪ ಯಾವುದೆಂದು ರಾತ್ರಿ ಗಸ್ತಿಲ್ಲದೆ ಗೊತ್ತಾಗುತ್ತದೆ, ಸರ್ಕ್ಯೂಟ್ ಹಗಲೂ ಚಾಲೂ ಇರಬಹುದು.

ತಲೆಯ ಮೇಲಿನ ಸಾಕೆಟ್: ನೀಮಾ ಅಥವಾ ಝಾಗಾ

ದೀಪ ಕೊಳ್ಳುವಾಗಲೇ ಸಾಕೆಟ್ ಕೇಳಿ ಕೊಳ್ಳಬೇಕು. ನೋಡ್ ಇವತ್ತೇ ಹಾಕದಿದ್ದರೂ ಸರಿ. ಆಮೇಲೆ ದೀಪದ ಮೈ ಕೊರೆದು ಕೂರಿಸಿದ ಸಾಕೆಟ್ ನೀರು ಕುಡಿಯುತ್ತದೆ.

ನೀಮಾ ಸಾಕೆಟ್ ಎಎನ್‌ಎಸ್‌ಐ ಸಿ136.41 ಮಾನದಂಡದ್ದು, ತಿರುಗಿಸಿ ಬಿಗಿಯುವಂಥದ್ದು. ಇದರ 7 ಪಿನ್‌ಗಳಲ್ಲಿ 3 ಮೇನ್ಸ್ ಕರೆಂಟಿಗೆ, 4 ಡಿಮ್ಮಿಂಗ್ ಮತ್ತು ಸೆನ್ಸರ್ ಸಂಕೇತಕ್ಕೆ. ನೋಡ್ ನೇರವಾಗಿ ಮೇನ್ಸ್‌ನಿಂದ ಬದುಕುತ್ತದೆ, ಒಳಗಿನ ರಿಲೇಯಿಂದ (ಸಂಕೇತಕ್ಕೆ ಓಗೊಡುವ ಸ್ವಿಚ್ಚಿನಿಂದ) ದೀಪದ ಕರೆಂಟನ್ನು ಕಡಿದುಹಾಕಬಲ್ಲದು. ಝಾಗಾ ಒಕ್ಕೂಟದ ಬುಕ್ 18 ಮಾನದಂಡದ ಸಾಕೆಟ್ ಚಿಕ್ಕದು, 4 ಪಿನ್, 24 ವೋಲ್ಟ್ ಡಿಸಿ. ದೀಪದ ಮೇಲೂ ಕೂರಿಸಬಹುದು, ಕೆಳಮುಖವಾಗಿಯೂ ಕೂರಿಸಬಹುದು, ಹಾಗಾಗಿ ಚಲನೆ ಪತ್ತೆಯ ಸೆನ್ಸರಿಗೆ ಅನುಕೂಲ. ಇದರ ಜೊತೆ ಡಿ4ಐ ಡ್ರೈವರ್ ಇದ್ದರೆ ದೀಪದ ಮಾದರಿ, ವ್ಯಾಟ್, ಬಳಸಿದ ಯೂನಿಟ್, ದೋಷಗಳ ಮಾಹಿತಿ ಎಲ್ಲವೂ ಡಾಲಿ (ದೀಪಕ್ಕೆ ಆದೇಶ, ಮಾಹಿತಿ ಸಾಗಿಸುವ ಡಿಜಿಟಲ್ ಪದ್ಧತಿ) ತಂತಿಯ ಮೂಲಕ ತಾನೇ ಬರುತ್ತದೆ.

ಎರಡರ ನಡುವಿನ ದೊಡ್ಡ ವ್ಯತ್ಯಾಸ ಗೊತ್ತಾಗುವುದು ಏನಾದರೂ ಕೆಟ್ಟಾಗ. ನೀಮಾ ನೋಡ್ ಮೇನ್ಸ್ ಮೇಲೆ ಬದುಕುವುದರಿಂದ ಡ್ರೈವರ್ ಸತ್ತರೂ ತಾನು ಬದುಕಿದ್ದು ‘ಕರೆಂಟ್ ಇದೆ, ದೀಪ ಎಳೆಯುತ್ತಿಲ್ಲ’ ಎಂದು ಸ್ಪಷ್ಟವಾಗಿ ಹೇಳುತ್ತದೆ. ಝಾಗಾ ನೋಡ್ ಡ್ರೈವರಿನ 24 ವೋಲ್ಟ್ ತಿಂದು ಬದುಕುವಂಥದ್ದು, ಡ್ರೈವರ್ ಸತ್ತರೆ ಅದೂ ಮೌನ. ಪರದೆಯ ಮೇಲೆ ಕಾಣುವುದು ‘ಸಂಪರ್ಕವಿಲ್ಲ’ ಎಂದಷ್ಟೇ. ಕೆಟ್ಟದ್ದು ದೀಪವೋ ನೆಟ್‌ವರ್ಕೋ ತಿಳಿಯದೆ ಏಣಿ ಗಾಡಿ ಹೊರಡಬೇಕಾಗುತ್ತದೆ. ಆದರೆ ಸಿಡಿಲು-ಸರ್ಜ್ (ತಂತಿಯಲ್ಲಿ ಒಮ್ಮೆಗೇ ಜಿಗಿಯುವ ವೋಲ್ಟೇಜ್) ಬಂದಾಗ ಮಾತು ತಿರುಗುಮುರುಗು: ನೀಮಾ ನೋಡ್ ನೇರ ಏಟು ತಿನ್ನುತ್ತದೆ, ಝಾಗಾ ನೋಡ್ ಡ್ರೈವರಿನ ಹಿಂದೆ ಅವಿತಿರುತ್ತದೆ.

ರಿಲೇಯದು ಇನ್ನೊಂದು ಕಥೆ. ಎಲ್‌ಇಡಿ ಡ್ರೈವರ್ ಹತ್ತುವ ಕ್ಷಣದಲ್ಲಿ ಅದರ ಕೆಪಾಸಿಟರ್ ತುಂಬಿಕೊಳ್ಳಲು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ಭಾರೀ ಕರೆಂಟ್ ನುಗ್ಗುತ್ತದೆ. ದಿನಾ ಹೀಗಾದರೆ ರಿಲೇಯ ತುಟಿಗಳು ಬೆಸೆದುಕೊಳ್ಳುತ್ತವೆ, ದೀಪ ಹಗಲೂ ಉರಿಯುತ್ತದೆ. ಮದ್ದು ಎರಡು. ವೋಲ್ಟೇಜ್ ಸೊನ್ನೆ ದಾಟುವ ಕ್ಷಣದಲ್ಲೇ ಮುಚ್ಚುವ ರಿಲೇ ಕೇಳಿ, ಇಲ್ಲವೇ ದಿನನಿತ್ಯ ಆರಿಸುವುದನ್ನು ಡಾಲಿಯಲ್ಲೇ ಮಾಡಿ ರಿಲೇಯನ್ನು ದುರಸ್ತಿಗೆ ಮಾತ್ರ ಬಿಡಿ. ಇದೇ ನುಗ್ಗುವ ಕರೆಂಟಿನಿಂದ, ಕರೆಂಟ್ ಹೋಗಿ ಬಂದಾಗ 30 ದೀಪ ಒಮ್ಮೆಗೇ ಹತ್ತಿ ಪಿಲ್ಲರಿನ ಎಂಸಿಬಿ ಬೀಳುವುದೂ ಉಂಟು. ಒಂದು ಎಂಸಿಬಿಗೆ ಎಷ್ಟು ಡ್ರೈವರ್ ಎಂಬ ಪಟ್ಟಿಯನ್ನು ತಯಾರಕರೇ ಕೊಡುತ್ತಾರೆ. ವ್ಯಾಟ್ ಕೂಡಿಸಿ ಲೆಕ್ಕ ಹಾಕುವ ಬದಲು ಆ ಪಟ್ಟಿ ನೋಡಬೇಕು.

ನಮ್ಮ ಒಲವು ಹೀಗೆ: ಈಗಾಗಲೇ ನೀಮಾ ಇರುವ ಊರು, ಸಿಡಿಲು ಕಡಿಮೆ, ದೋಷ ಪತ್ತೆಯೇ ಮುಖ್ಯ ಎಂದರೆ ನೀಮಾ. ಹೊಸದಾಗಿ ಶುರುಮಾಡುವವರಿಗೆ ಝಾಗಾ ಮತ್ತು ಡಿ4ಐ. ಯಾವುದೇ ಆದರೂ ದೀಪಕ್ಕೆ ಕನಿಷ್ಠ 10 ಕಿಲೋವೋಲ್ಟಿನ ಸರ್ಜ್ ರಕ್ಷಣೆ ಇರಲಿ, ಕಂಬದ ಬುಡದಲ್ಲಿ ಇನ್ನೊಂದು ಇರಲಿ. ನೀಮಾ ನೋಡ್ ತೆಗೆದ ದಿನ ಸಾಕೆಟ್ ಬರಿದಾಗಿ ಬಿಡಬೇಡಿ. ಶಾರ್ಟಿಂಗ್ ಕ್ಯಾಪ್ (ದೀಪಕ್ಕೆ ಕರೆಂಟ್ ನೇರ ಸೇರಿಸುವ ಮುಚ್ಚಳ) ಹಾಕಿದರೆ ದೀಪವೂ ಉರಿಯುತ್ತದೆ, ಮಳೆನೀರೂ ಇಳಿಯುವುದಿಲ್ಲ.

ನೋಡ್‌ಗಳು ಮಾತಾಡುವ ದಾರಿ

ಲೋರಾವಾನ್ ಎಂಬ ದೂರ ತಲುಪುವ ರೇಡಿಯೋ ಜಾಲ ಪರವಾನಗಿ ಬೇಡದ ತರಂಗದಲ್ಲಿ ನಡೆಯುತ್ತದೆ. ಕಟ್ಟಡಗಳ ನಡುವೆ ಒಂದು ಗೇಟ್‌ವೇ (ನೋಡ್‌ಗಳ ಸುದ್ದಿಯನ್ನು ಸರ್ವರಿಗೆ ದಾಟಿಸುವ ಸಾಧನ) ಒಂದೆರಡು ಕಿಲೋಮೀಟರ್ ನೋಡಿಕೊಳ್ಳುತ್ತದೆ. ವೇಗ ಸೆಕೆಂಡಿಗೆ ಕಾಲು ಕಿಲೋಬಿಟ್‌ನಿಂದ 50 ಕಿಲೋಬಿಟ್‌ವರೆಗೆ. ತಿಂಗಳ ಬಾಡಿಗೆ ಇಲ್ಲ, ಗೇಟ್‌ವೇಗಳನ್ನು ನೀವೇ ಸಾಕಬೇಕು. ಟೆಂಡರಿನಲ್ಲಿ ‘ಕ್ಲಾಸ್ ಸಿ’, ಅಂದರೆ ಸದಾ ಕಿವಿಗೊಟ್ಟಿರುವ ಸಾಧನ, ಎಂದು ಬರೆಯಲೇಬೇಕು. ಕ್ಲಾಸ್ ಎ ಸಾಧನ ತಾನು ಮಾತಾಡಿದ ಮೇಲಷ್ಟೇ ಸ್ವಲ್ಪ ಹೊತ್ತು ಕಿವಿಗೊಡುತ್ತದೆ, ‘ಈಗಲೇ ಹತ್ತು’ ಎಂದರೆ ಅದರ ಮುಂದಿನ ವರದಿಯವರೆಗೆ ಕಾಯಬೇಕು. ಸಾಫ್ಟ್‌ವೇರ್ ಅಪ್‌ಡೇಟ್ ಕಳಿಸುವುದು ಇದರಲ್ಲಿ ಆಮೆವೇಗ.

ಎನ್‌ಬಿ-ಐಒಟಿ ಮೊಬೈಲ್ ಕಂಪನಿಯ ಜಾಲ. ಪ್ರತಿ ನೋಡ್‌ನಲ್ಲೂ ಸಿಮ್. ಗೇಟ್‌ವೇ ಇಲ್ಲ, ಚದುರಿದ ದೀಪಗಳಿಗೆ ಇದರಷ್ಟು ಸಲೀಸು ಬೇರೆ ಇಲ್ಲ. ಬೆಲೆ ಮಾತ್ರ ದೀಪಗಳ ಸಂಖ್ಯೆಯೊಂದಿಗೆ ಪ್ರತಿ ವರ್ಷ ಮರಳಿ ಬರುತ್ತದೆ. ದೀಪದ ಆಯಸ್ಸು 15–20 ವರ್ಷ, ಮೊಬೈಲ್ ತಂತ್ರಜ್ಞಾನ ಅಷ್ಟು ಕಾಲ ನಿಲ್ಲುತ್ತದೆ ಎಂಬ ಖಾತರಿ ಯಾರೂ ಕೊಡುವುದಿಲ್ಲ. ಹಲವು ದೇಶಗಳಲ್ಲಿ 2ಜಿ, 3ಜಿ ಮುಚ್ಚಿದಾಗ ಅದರ ಮೇಲಿದ್ದ ಮೀಟರು, ಅಲಾರಂಗಳು ಮೂಕವಾದವು.

ಮೆಶ್ ಜಾಲದಲ್ಲಿ (ವೈ-ಸನ್, ಝಿಗ್‌ಬೀ ಇತ್ಯಾದಿ) ಒಂದು ನೋಡ್ ಪಕ್ಕದ ನೋಡ್‌ಗೆ, ಅದು ಮುಂದಿನದಕ್ಕೆ ಸುದ್ದಿ ದಾಟಿಸುತ್ತದೆ. ಕಂಬಗಳು ಸಾಲಾಗಿ ಹತ್ತಿರ ಹತ್ತಿರ ಇರುವುದರಿಂದ ಬೀದಿದೀಪಕ್ಕೆ ಹೇಳಿ ಮಾಡಿಸಿದ ಜೋಡಿ. ತೊಂದರೆ ಬರುವುದು ಒಂದು ಫೀಡರ್ ಪೂರ್ತಿ ಕರೆಂಟ್ ಕಳೆದುಕೊಂಡಾಗ. ಅದರಾಚೆಯ ದೀಪಗಳಿಗೆ ಕರೆಂಟ್ ಇದ್ದರೂ ನಡುವಿನ ಕೊಂಡಿ ಕಡಿದಿರುತ್ತದೆ. ಪ್ರತಿ ಗುಂಪಿಗೂ ಎರಡು ಗೇಟ್‌ವೇ ಕಾಣುವಂತೆ ವಿನ್ಯಾಸ ಮಾಡಿದರೆ ಇದು ತಪ್ಪುತ್ತದೆ.

ಪವರ್‌ಲೈನ್ ಪದ್ಧತಿಯಲ್ಲಿ ಸಂಕೇತ ಕರೆಂಟಿನ ತಂತಿಯಲ್ಲೇ ಹರಿಯುತ್ತದೆ. ಸುರಂಗ, ಕೆಳಸೇತುವೆಯಂಥ ರೇಡಿಯೋ ತಲುಪದ ಜಾಗಗಳಿಗೆ ಸರಿ. ಹಳೆಯ ಕೇಬಲ್ ಜಾಯಿಂಟ್‌ಗಳೂ ಗಲಾಟೆ ಮಾಡುವ ಅಗ್ಗದ ಡ್ರೈವರ್‌ಗಳೂ ತುಂಬಿರುವ ಸಾಲಿನಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ.

ವಾಹನ ಬರುವುದನ್ನು ಕಂಡು ಮುಂದಿನ ದೀಪಗಳು ತಾವೇ ಬೆಳಗಬೇಕು ಎಂದಿದ್ದರೆ ಆಯ್ಕೆ ತಾನೇ ಆಗಿಬಿಡುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಸುದ್ದಿ ದೂರದ ಸರ್ವರಿಗೆ ಹೋಗಿ 5 ಸೆಕೆಂಡಿನಲ್ಲಿ ಮರಳಿದರೆ ಅಷ್ಟರಲ್ಲಿ ಗಾಡಿ 70 ಮೀಟರ್ ದಾಟಿ, ಎರಡು ಕಂಬ ಹಿಂದೆ ಬಿಟ್ಟಿರುತ್ತದೆ. ಇದಕ್ಕೆ ನೋಡ್‌ಗಳು ಪರಸ್ಪರ ನೇರ ಮಾತಾಡುವ ಮೆಶ್ ಬೇಕು. ಮೈಕ್ರೋವೇವ್ ಸೆನ್ಸರ್ ಹಾಕಿದರೆ ಗಾಳಿಗೆ ತೂಗುವ ಕೊಂಬೆಯನ್ನೂ ಅದು ವಾಹನ ಎಂದುಕೊಳ್ಳುತ್ತದೆ, ಮರವಿರುವ ಕಡೆ ಅದರ ಸೂಕ್ಷ್ಮತೆ ತಗ್ಗಿಸಿ.

ಕೊನೆಗೊಂದು ಮಾನದಂಡದ ಮಾತು. ಟಾಲ್ಕ್ ಪ್ರಮಾಣಪತ್ರ ಇದ್ದರೆ ಯಾರ ನೋಡ್ ಯಾರ ಗೇಟ್‌ವೇಗಾದರೂ ಹೊಂದುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗಲ್ಲ. ಟಾಲ್ಕ್ ಹೊಂದಿಸುವುದು ಮೇಲಿನ ನಿಯಂತ್ರಣ ಸಾಫ್ಟ್‌ವೇರ್ ಮತ್ತು ಕೆಳಗಿನ ಬೇರೆ ಬೇರೆ ಕಂಪನಿಗಳ ಜಾಲಗಳನ್ನು. ಒಂದೇ ಪರದೆಯಿಂದ ಎರಡು ಕಂಪನಿಗಳ ದೀಪ ನಡೆಸಬಹುದು, ಒಬ್ಬರ ನೋಡ್ ಕಿತ್ತು ಅಲ್ಲಿ ಇನ್ನೊಬ್ಬರದನ್ನು ಕೂರಿಸಲು ಅದು ನೆರವಾಗುವುದಿಲ್ಲ.

ದೀಪದ ಜಾಲದಲ್ಲಿ ಕ್ಯಾಮೆರಾ ಓಡುವುದಿಲ್ಲ

| ಉಪಕರಣ | ವಿದ್ಯುತ್ (ಅಂದಾಜು) | ಡೇಟಾ | ದಾರಿ |
|---|---|---|---|
| ಗಾಳಿ, ಶಬ್ದದ ಸೆನ್ಸರ್ | 1–5 ವ್ಯಾಟ್ | ನಿಮಿಷಕ್ಕೆ ಕೆಲವು ಬೈಟ್ | ದೀಪದ ಜಾಲವೇ ಸಾಕು |
| ಕ್ಯಾಮೆರಾ | 10–30 ವ್ಯಾಟ್ | ಸೆಕೆಂಡಿಗೆ 2–4 ಮೆಗಾಬಿಟ್ | ಫೈಬರ್ ಅಥವಾ 4ಜಿ/5ಜಿ |
| ವೈಫೈ | 15–30 ವ್ಯಾಟ್ | ಹತ್ತಾರು ಮೆಗಾಬಿಟ್, ಮೇಲೂ | ಫೈಬರ್ |
| 5ಜಿ ಸ್ಮಾಲ್ ಸೆಲ್ | ನೂರಾರು ವ್ಯಾಟ್ | ನೂರಾರು ಮೆಗಾಬಿಟ್, ಮೇಲೂ | ಫೈಬರ್, ಪ್ರತ್ಯೇಕ ಮೀಟರ್ |
| ವಾಹನ ಚಾರ್ಜರ್ | 3.7–7.4 ಕಿಲೋವ್ಯಾಟ್ | ಕಡಿಮೆ | ಪ್ರತ್ಯೇಕ ಕೇಬಲ್ |

ಝಾಗಾ ಸಾಕೆಟ್ಟಿಗೆ ಡಿ4ಐ ಡ್ರೈವರ್ ಕೊಡುವುದು ಸರಾಸರಿ 3 ವ್ಯಾಟ್. ಅದರಿಂದ ನೋಡ್ ಮತ್ತು ಚಿಕ್ಕ ಸೆನ್ಸರ್ ನಡೆಯುತ್ತದೆ, ಕ್ಯಾಮೆರಾ ನಡೆಯುವುದಿಲ್ಲ. ಕ್ಯಾಮೆರಾಕ್ಕೆ ಕಂಬದ ಬುಡದಿಂದ ಪಿಒಇ ಬೇಕು. ಸಾಮಾನ್ಯ ಪಿಒಇ ಸಾಧನದ ತುದಿಗೆ ಸುಮಾರು 13 ವ್ಯಾಟ್ ಕೊಡುತ್ತದೆ, ಪಿಒಇ ಪ್ಲಸ್ 25.5 ವ್ಯಾಟ್. ತಿರುಗುವ, ಹೀಟರ್ ಇರುವ ಕ್ಯಾಮೆರಾಕ್ಕೆ ಎರಡನೆಯದು, ಕೆಲವಕ್ಕೆ ಅದೂ ಸಾಲದು.

ಚಾರ್ಜರ್ ವಿಷಯಕ್ಕೆ ಬಂದರೆ ಲೆಕ್ಕ ಇನ್ನೂ ನಿಷ್ಠುರ. 16 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಕೇಬಲ್ ತೆಗೆದುಕೊಳ್ಳಿ. ಅದರ ಪ್ರತಿರೋಧ ಕಿಲೋಮೀಟರಿಗೆ 1.91 ಓಮ್. 900 ಮೀಟರ್ ಉದ್ದದ ಮೂರು ಫೇಸ್ ಸಾಲಿನಲ್ಲಿ 100 ವ್ಯಾಟಿನ 30 ಎಲ್‌ಇಡಿ ಹಂಚಿಕೊಂಡಿದ್ದರೆ ಕೊನೆಯ ಕಂಬದಲ್ಲಿ ಸುಮಾರು 4 ವೋಲ್ಟ್ ಮಾತ್ರ ಕುಸಿಯುತ್ತದೆ. ಅದೇ ಕೊನೆಯ ಕಂಬಕ್ಕೆ 32 ಆಂಪಿಯರಿನ ಸಿಂಗಲ್ ಫೇಸ್ ಚಾರ್ಜರ್ ಕಟ್ಟಿದರೆ ಹೋಗುವ ಬರುವ ಎರಡೂ ತಂತಿ ಸೇರಿ 110 ವೋಲ್ಟ್ ಕುಸಿತ. ಇದು ಬರೀ ಸಾಧ್ಯವಿಲ್ಲದ ಮಾತು. ಪಿಲ್ಲರಿನಿಂದ 50 ಮೀಟರಿನೊಳಗಿನ ಕಂಬದಲ್ಲಿ ಕುಸಿತ 6 ವೋಲ್ಟ್, ಅಲ್ಲಿ ನಡೆಯುತ್ತದೆ. ಸೋಡಿಯಂ ತೆಗೆದು ಎಲ್‌ಇಡಿ ಹಾಕಿದ್ದರಿಂದ ಸಾಮರ್ಥ್ಯ ಉಳಿದಿದೆ ಎಂಬ ವಾದ ಒಟ್ಟು ಹೊರೆಗೆ ಸರಿ, ಸಾಲಿನ ತುದಿಗೆ ಅನ್ವಯಿಸುವುದಿಲ್ಲ. ಲಂಡನ್, ಲಾಸ್ ಏಂಜಲೀಸ್‌ಗಳಲ್ಲಿ ದೀಪದ ಕಂಬಗಳಲ್ಲೇ ಚಾರ್ಜರ್‌ಗಳಿವೆ. ಅಲ್ಲಿಯ ಹಾಗೆ ಇಲ್ಲೂ ಎನ್ನುವ ಮೊದಲು ನಿಮ್ಮ ಕೇಬಲ್ಲಿನ ಗಾತ್ರ ಮತ್ತು ಉದ್ದ ಬರೆದುಕೊಳ್ಳಿ.

ಕಂಬದ ಶಕ್ತಿ

ಹಳೆಯ ಕಂಬವನ್ನು ಒಂದು ದೀಪದ ಗಾಳಿಹೊರೆಗೆಂದು ಲೆಕ್ಕ ಹಾಕಿ ಮಾಡಿರುತ್ತಾರೆ. 40 × 60 ಸೆಂಟಿಮೀಟರಿನ ಒಂದು ಪೆಟ್ಟಿಗೆಯನ್ನು 8 ಮೀಟರ್ ಎತ್ತರದಲ್ಲಿ ಕಟ್ಟಿದರೆ, ಸೆಕೆಂಡಿಗೆ 45 ಮೀಟರ್ ಬಿರುಗಾಳಿಯಲ್ಲಿ ಅದರ ಮೇಲೆ ಸುಮಾರು 380 ನ್ಯೂಟನ್ ಬಲ ಬೀಳುತ್ತದೆ, ಬುಡದಲ್ಲಿ 3 ಕಿಲೋನ್ಯೂಟನ್-ಮೀಟರ್ ಬಾಗಿಸುವ ಒತ್ತಡ. ಅದೇ ಪೆಟ್ಟಿಗೆ 3 ಮೀಟರಿನಲ್ಲಿದ್ದರೆ ಮೂರರಲ್ಲೊಂದು ಭಾಗಕ್ಕೆ ಹತ್ತಿರ. ಭಾರವಾದದ್ದು, ಅಗಲವಾದದ್ದು ಕೆಳಗಿರಲಿ.

ಕಂಬ ಮುರಿಯುವುದು ಹೆಚ್ಚಾಗಿ ಬುಡದ ಬಾಗಿಲಿನ ಮೂಲೆಯಲ್ಲಿ, ಇಲ್ಲವೇ ನೆಲಮಟ್ಟದ ತುಕ್ಕಿನಲ್ಲಿ. ಹೊಸ ಉಪಕರಣಕ್ಕೆಂದು ಸ್ಥಳದಲ್ಲೇ ತೂತು ಕೊರೆದರೆ ಗ್ಯಾಲ್ವನೈಸಿಂಗ್ ಹೋಗಿ ಒಳಗಿನಿಂದ ತುಕ್ಕು ಶುರುವಾಗುತ್ತದೆ, ಹೊರಗೆ ಕಾಣುವುದೇ ಇಲ್ಲ. ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಯಿಂದ ಬಿಗಿಯುವುದು ಲೇಸು. ತಂತಿ ಒಳಗೆ ಹೋಗಲೇಬೇಕಾದರೆ ಒಂದೇ ತೂತು, ರಬ್ಬರ್ ಬಳೆ, ಸತುವಿನ ಬಣ್ಣ.

ಎತ್ತರವೂ ಉಪಕರಣಕ್ಕೆ ತಕ್ಕಂತೆ ಬೇರೆ. ಗಾಳಿಯ ಸೆನ್ಸರನ್ನು ದೀಪದ ಪಕ್ಕ ಹಾಕಿದರೆ ಅಳೆಯುವುದು ದೀಪದ ಬಿಸಿಯನ್ನು, ಜನ ಉಸಿರಾಡುವ ಗಾಳಿಯನ್ನಲ್ಲ. ಸುಮಾರು 3 ಮೀಟರ್ ಸರಿ. ಅದರ ರಾಸಾಯನಿಕ ಸೆನ್ಸರ್‌ಗಳು ಎರಡು ಮೂರು ವರ್ಷಕ್ಕೆ ಬದಲಾಗಬೇಕು, ನಡುವೆ ಪ್ರಮಾಣಿತ ಕೇಂದ್ರದ ಜೊತೆ ಹೋಲಿಸಿ ಸರಿಪಡಿಸಬೇಕು. ಆ ಖರ್ಚು ಬರೆಯದಿದ್ದರೆ ಸೆನ್ಸರ್ ಕೊಳ್ಳುವುದೇ ಬೇಡ. ಕ್ಯಾಮೆರಾ 4–6 ಮೀಟರಿನಲ್ಲಿ, ದೀಪಕ್ಕಿಂತ ಕೆಳಗೆ. ಮೇಲಿದ್ದರೆ ಕಂಬ ತೂಗಿ ಚಿತ್ರ ನಡುಗುತ್ತದೆ, ಬೆಳಕಿಗೆ ಬರುವ ಹುಳುಗಳ ಹಿಂದೆ ಜೇಡ ಬಂದು ಲೆನ್ಸಿಗೆ ಬಲೆ ಕಟ್ಟುತ್ತದೆ. ದೀಪ ಮಂದವಾದಾಗ ಚಿತ್ರದಲ್ಲಿ ಅಡ್ಡಪಟ್ಟಿ ಓಡುತ್ತಿದ್ದರೆ ದೋಷ ಕ್ಯಾಮೆರಾದ್ದಲ್ಲದೆ ಇರಬಹುದು. ಮಿಣುಕಿಸಿ ಮಂದಗೊಳಿಸುವ ಡ್ರೈವರ್ ಹೀಗೆ ಮಾಡುತ್ತದೆ, ಕರೆಂಟನ್ನೇ ತಗ್ಗಿಸುವ ಡ್ರೈವರ್ ಬೇಕು.

ಕ್ಯಾಮೆರಾ ಬಂದ ಮೇಲೆ ಅದು ಬರೀ ದೀಪದ ಯೋಜನೆಯಾಗಿ ಉಳಿಯುವುದಿಲ್ಲ. ಸ್ಯಾನ್ ಡಿಯಾಗೋ ನಗರ 3,000ಕ್ಕೂ ಹೆಚ್ಚು ಸೆನ್ಸರ್-ಕ್ಯಾಮೆರಾ ದೀಪಗಳನ್ನು ಸಂಚಾರ ಎಣಿಕೆ, ಇಂಧನ ಉಳಿತಾಯದ ಹೆಸರಿನಲ್ಲಿ ಹಾಕಿತು. ದೃಶ್ಯಗಳನ್ನು ಪೊಲೀಸರು ಬಳಸುತ್ತಿರುವುದು ತಿಳಿದು ಜನ ವಿರೋಧಿಸಿದ ಮೇಲೆ 2020ರಲ್ಲಿ ಅವನ್ನು ನಿಲ್ಲಿಸಲು ಮೇಯರ್ ಆದೇಶಿಸಬೇಕಾಯಿತು. ಯಾರು ನೋಡಬಹುದು, ಎಷ್ಟು ದಿನ ಇಡಬಹುದು ಎಂಬ ನಿಯಮ ಮೊದಲು, ಕ್ಯಾಮೆರಾ ಆಮೇಲೆ. ಬರೀ ಎಣಿಕೆ ಸಾಕಾದರೆ ಚಿತ್ರ ಹೊರಗೆ ಹೋಗದ, ಒಳಗೇ ಎಣಿಸಿ ಸಂಖ್ಯೆ ಮಾತ್ರ ಕಳಿಸುವ ಸಾಧನ ಆರಿಸಿ.

ಎಲ್ಲಿ ಯಾವುದು

ಇಡೀ ಊರಿಗೆ ಒಂದೇ ಮಟ್ಟ ಎನ್ನುವುದು ದುಡ್ಡು ಪೋಲು. ಒಳರಸ್ತೆಗಳಿಗೆ ಪಿಲ್ಲರ್ ನಿಯಂತ್ರಣ ಮತ್ತು ತಾನೇ ಮಂದವಾಗುವ ಡ್ರೈವರ್, ಆದರೆ ದೀಪದ ಮೇಲೆ ಸಾಕೆಟ್ ಮುಚ್ಚಳ ಹಾಕಿ ಇರಲಿ. ಮುಖ್ಯ ರಸ್ತೆಗಳಿಗೆ ನೋಡ್. ಕೆಲವು ನೂರು ದೀಪ ಚದುರಿದ್ದರೆ ಎನ್‌ಬಿ-ಐಒಟಿ, ಸಾವಿರಾರು ಒತ್ತೊತ್ತಾಗಿದ್ದರೆ ಮೆಶ್ ಅಥವಾ ಲೋರಾವಾನ್. ಪೂರ್ತಿ ಸ್ಮಾರ್ಟ್ ಕಂಬ ವೃತ್ತಗಳಲ್ಲಿ, ನಿಲ್ದಾಣಗಳ ಮುಂದೆ, ಮಾರುಕಟ್ಟೆಯಲ್ಲಿ. ನೂರು ಕಂಬಕ್ಕೆ ಐದು-ಹತ್ತು ದಾಟುವುದು ಅಪರೂಪ. ಅಂಥ ಕಂಬದಲ್ಲಿ ದೂರಸಂಪರ್ಕದವರಿಗೆ ಬೇರೆ ಕೋಣೆ, ಬೇರೆ ಬೀಗ, ಬೇರೆ ಮೀಟರ್. ಅವರ ತಂತ್ರಜ್ಞ ದೀಪದ ತಂತಿ ಮುಟ್ಟುವಂತಿರಬಾರದು.

ನೋಡ್ ಅಳವಡಿಸುವಾಗ ಜಿಪಿಎಸ್ ಒಂದನ್ನೇ ನಂಬಬೇಡಿ. ವಿಭಜಕದ ಮೇಲಿನ ಎರಡು ಕೈಯ ಕಂಬದಲ್ಲಿ ಎರಡೂ ನೋಡ್‌ಗೆ ಒಂದೇ ಸ್ಥಾನ ಬರುತ್ತದೆ, ಕಟ್ಟಡಗಳ ನಡುವೆ ಸ್ಥಾನ 5–10 ಮೀಟರ್ ಸರಿಯುತ್ತದೆ. ಕಂಬದ ಸಂಖ್ಯೆ, ಎಡ-ಬಲ, ನೋಡ್‌ನ ಕ್ಯೂಆರ್ ಮೂರನ್ನೂ ಏಣಿಯ ಮೇಲಿದ್ದಾಗಲೇ ಫೋನಿನಲ್ಲಿ ದಾಖಲಿಸಬೇಕು.

ಒಪ್ಪಿಕೊಳ್ಳುವ ಮೊದಲು 50–100 ದೀಪಗಳ ಒಂದು ಸಾಲಿನಲ್ಲಿ ಹೀಗೆ ಪರೀಕ್ಷಿಸಿ. ಗೇಟ್‌ವೇಯನ್ನು ಮೂರು ದಿನ ಆರಿಸಿಡಿ, ನೋಡ್‌ಗಳು ತಮ್ಮೊಳಗಿನ ಗಡಿಯಾರದಿಂದ ಹೊತ್ತಿಗೆ ಸರಿಯಾಗಿ ಹತ್ತಿ ಆರಬೇಕು, ಅದೇ ವೇಳಾಪಟ್ಟಿಯಲ್ಲಿ ಮಂದವಾಗಬೇಕು. ರಾತ್ರಿ ಹೊತ್ತು ಒಂದು ನೋಡ್‌ನ ಡಾಲಿ ತಂತಿ ಕಳಚಿ, ದೀಪ ಪೂರ್ತಿ ಬೆಳಕಿಗೆ ಬರಬೇಕು, ಆರಬಾರದು. ಪಿಲ್ಲರ್ ಕಡಿದು ಹತ್ತು ನಿಮಿಷ ಬಿಟ್ಟು ಕೊಡಿ. ಎಂಸಿಬಿ ಬೀಳಬಾರದು, ಪರದೆಯಲ್ಲಿ 50 ಬೇರೆ ಬೇರೆ ದೂರುಗಳ ಬದಲು ‘ಪಿಲ್ಲರ್‌ಗೆ ಕರೆಂಟಿಲ್ಲ’ ಎಂಬ ಒಂದೇ ದೂರು ಕಾಣಬೇಕು. ಒಂದು ದೀಪದ ಎಲ್‌ಇಡಿ ತಂತಿ ಕಳಚಿ, ಎಷ್ಟು ಹೊತ್ತಿಗೆ ದೋಷ ಕಾಣಿಸಿತು, ಸರಿಯಾದ ಕಂಬದ ಸಂಖ್ಯೆಯೇ ಬಂತೇ ನೋಡಿ. ನೋಡ್ ತೋರಿಸುವ ಯೂನಿಟ್‌ಗಳ ಮೊತ್ತವನ್ನು ಪಿಲ್ಲರಿನ ಮೀಟರಿನೊಂದಿಗೆ ಒಂದು ತಿಂಗಳು ಹೋಲಿಸಿ. ತಂತಿಯ ನಷ್ಟ ಕಳೆದ ಮೇಲೂ ವ್ಯತ್ಯಾಸ ದೊಡ್ಡದಿದ್ದರೆ ಎಲ್ಲೋ ಕದ್ದ ಸಂಪರ್ಕವಿದೆ, ಇಲ್ಲವೇ ನೋಡ್ ತಪ್ಪು ದೀಪಕ್ಕೆ ನಮೂದಾಗಿದೆ.

ಒಪ್ಪಂದದಲ್ಲಿ ಇನ್ನೆರಡು ಸಾಲು ಸೇರಿಸಿ: ನೋಡ್‌ಗಳ ಗುಪ್ತ ಕೀಲಿಗಳೂ ಎಲ್ಲ ದತ್ತಾಂಶವೂ ನಗರಾಡಳಿತದ ಸ್ವತ್ತು. ಗುತ್ತಿಗೆ ಮುಗಿದ ದಿನ ಅವನ್ನು ತೆರೆದ ಕಡತರೂಪದಲ್ಲಿ ಕೊಟ್ಟ ಮೇಲೆಯೇ ಕೊನೆಯ ಕಂತು ಪಾವತಿ.